ಜೋಡಿಸಿದವನೇ ಕಮ್ಮಾರನೆ?

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ವಿನೋದವು ಬಹುಮಟ್ಟಿಗೆ ಬಳಕೆಗೆ ಬಂದಿದೆ. ರಿವಾಲ್ವರಿನ ಚೌಕಟ್ಟು, ನಳಿಗೆ, ಗುಂಡಿನ ಮನೆಗಳುಳ್ಳ ಉರುಳೆ, ಕುದುರೆ, ಕಮಾನು, ಹಿಡಿ ಇವೆಲ್ಲವನ್ನೂ ಬಿಡಿಬಿಡಿಯಾಗಿ ತರಿಸಿಕೊಂಡು, ರಜಾದಿನಗಳಲ್ಲಿ ಮನೆಯ ಹಿಂದಣ ಕೋಣೆಯಲ್ಲಿ ಕುಳಿತು ಒಂದಕ್ಕೊಂದು ಹೊಂದಿಸಿ, ಕಡೆಗೆ “ಇದು ನಾನೇ ಮಾಡಿದ ರಿವಾಲ್ವರು” ಎಂದು ನೆಂಟರಿಷ್ಟರಿಗೆ ತೋರಿಸುವುದೇ ಆ ವಿನೋದ. ಇದು ಕೈಕಸಬಿನ ಪುನರುಜ್ಜೀವನವೆಂದೂ, ಯಂತ್ರಯುಗದ ಮನುಷ್ಯನು ಕಳೆದುಕೊಂಡ ಕುಶಲತೆಯನ್ನು ಮರಳಿ ಪಡೆಯುವ ಸಾಧನವೆಂದೂ ಇದರ ಪಕ್ಷಪಾತಿಗಳು ಹೊಗಳುತ್ತಾರೆ. ಕೈಕಸಬಿನಲ್ಲಿ ನಮಗೂ ಆದರವುಂಟು. ಆದಕಾರಣವೇ ಈ ಹೊಗಳಿಕೆಯನ್ನು ನಾವು ಒಪ್ಪಲಾರೆವು.

ಬಿಡಿಭಾಗಗಳಿಂದ ಆಯುಧವನ್ನು ಜೋಡಿಸಿದ ಹವ್ಯಾಸಿಗಳಲ್ಲಿ ಬಹು ದೊಡ್ಡವನೊಬ್ಬನನ್ನು ಮೊದಲು ನೆನೆಯೋಣ. ೧೭೮೫ರಲ್ಲಿ ಥಾಮಸ್ ಜೆಫರ್‌ಸನ್ನನು ಫ್ರಾನ್ಸ್ ದೇಶದಲ್ಲಿ ತನ್ನ ರಾಷ್ಟ್ರದ ರಾಯಭಾರಿಯಾಗಿದ್ದಾಗ, ಅಲ್ಲಿಯ ಕುಶಲಕರ್ಮಿಯೊಬ್ಬನನ್ನು ನೋಡಹೋದನು. ಆತನು ಓನೊರೆ ಬ್ಲಾಂಕ್ ಎಂಬುವನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಆತನು ಐವತ್ತು ಕೋವಿಗಳ ಕಿಡಿಯಂತ್ರಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿ ಮುಂದಿಟ್ಟನು. ಜೆಫರ್‌ಸನ್ನನು ಕೈಗೆ ಸಿಕ್ಕಿದ ತುಂಡುಗಳನ್ನೆತ್ತಿ ತಾನೇ ಕೆಲವನ್ನು ಜೋಡಿಸಿ ನೋಡಲು, ಅವು ಸರಿಯಾಗಿ ಹೊಂದಿಕೊಂಡುವು. ಇದನ್ನಾತನು ಸ್ವದೇಶಕ್ಕೆ ಪತ್ರಮುಖೇನ ತಿಳಿಸಿದನು. ಆ ಪತ್ರದಲ್ಲಿ ಅವನು ಮೆಚ್ಚಿದ್ದು ಯಾರನ್ನು? ಜೋಡಿಸಿದ ತನ್ನನ್ನಲ್ಲ, ಯಾರು ಜೋಡಿಸಿದರೂ ಹೊಂದುವಂತೆ ತುಂಡುಗಳನ್ನು ತಿದ್ದಿಟ್ಟ ಆ ಕುಶಲಕರ್ಮಿಯ ಜಾಣ್ಮೆಯನ್ನು. ಜೋಡಣೆಯು ಸುಲಭವಾದಷ್ಟೂ ಕೀರ್ತಿಯು ಜೋಡಿಸಿದವನದಲ್ಲ, ತುಂಡನ್ನು ಮಾಡಿದವನದು. ಹೂವನ್ನು ಕಟ್ಟಿದವಳು ಹೂವನ್ನು ನಾನೇ ಬೆಳೆದೆನೆನ್ನುವಳೆ?

ಆ ಸುಲಭತೆಯಾದರೂ ಸುಲಭವಾಗಿ ಬಂದುದಲ್ಲ. ೧೭೯೮ರಲ್ಲಿ ಇಲೈ ವಿಟ್ನಿಯು ಎರಡು ವರ್ಷಗಳಲ್ಲಿ ಹತ್ತು ಸಾವಿರ ಕೋವಿಗಳನ್ನು ಒದಗಿಸುವೆನೆಂದು ಅಮೆರಿಕಾ ಸರಕಾರದೊಡನೆ ಕರಾರು ಮಾಡಿಕೊಂಡನು, ಮುಗಿಸಿದುದು ೧೮೦೯ರಲ್ಲಿ. ನಡುವೆ ೧೮೦೧ರಲ್ಲಿ ದೊಡ್ಡವರ ಮುಂದೆ ಬಿಡಿಭಾಗಗಳನ್ನು ಅದಲುಬದಲು ಮಾಡಿ ಜೋಡಿಸಿ ತೋರಿಸಿ ಖ್ಯಾತಿಯನ್ನು ಪಡೆದನು. ಉಳಿದುಬಂದ ಅವನ ಕೋವಿಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಬಿಚ್ಚಿ ಪರೀಕ್ಷಿಸಿದವರಿಗೆ ಕಂಡುಬಂದುದೇನೆಂದರೆ, ಒಂದರ ಭಾಗವು ಮತ್ತೊಂದಕ್ಕೆ ಸಲ್ಲುತ್ತಿರಲಿಲ್ಲ! ತೋರಿಕೆಯ ಜೋಡಣೆ ಬೇರೆ, ಕೆಲಸದ ಜೋಡಣೆ ಬೇರೆ. ಹಾರ್ಪರ್ಸ್ ಫೆರಿಯ ಸರಕಾರಿ ಕಾರ್ಖಾನೆಯಲ್ಲಿ ಜಾನ್ ಹಾಲ್ ಎಂಬಾತನು ಅಳತೆಯ ಅಚ್ಚುಗಳನ್ನು ಕಲ್ಪಿಸಿ, ವರ್ಷಗಟ್ಟಲೆ ದುಡಿದು, ೧೮೨೦ರ ದಶಕದಲ್ಲಿ ಆ ಮಾತನ್ನು ನಿಜವಾಗಿ ಸಾಧಿಸಿದನು. ಅವನ ಹೆಸರು ಎಷ್ಟು ಮಂದಿಗೆ ಗೊತ್ತು?

ಇನ್ನು ರಿವಾಲ್ವರಿನ ಮಾತು. ಸ್ಯಾಮ್ಯುಅಲ್ ಕೋಲ್ಟನು ೧೮೩೬ರಲ್ಲಿ ಅಮೆರಿಕಾದ ಪೇಟೆಂಟನ್ನು ಪಡೆದನು. ೧೮೫೩ರಲ್ಲಿ ಲಂಡನ್ನಿನಲ್ಲಿಯೂ ಕಾರ್ಖಾನೆಯನ್ನು ತೆರೆದನು. ಅಲ್ಲಿಯ ಯಂತ್ರಗಳನ್ನು ಕಂಡು ಆಂಗ್ಲರು ಬೆರಗಾದುದು ದಿಟ. ಆದರೆ ಯಂತ್ರವು ಕಡೆದ ಭಾಗಗಳನ್ನು ಕೆಲಸಗಾರನು ಅರದಿಂದ ಉಜ್ಜಿ, ಒಂದಕ್ಕೊಂದು ಕೂಡಿಸಿ, ಕೂಡಿದವುಗಳ ಮೇಲೆ ಒಂದೇ ಸಂಖ್ಯೆಯನ್ನೊತ್ತಿ, ಬಳಿಕ ಬಿಚ್ಚಿ ಹದಗೊಳಿಸುತ್ತಿದ್ದನು. ಆ ಸಂಖ್ಯೆಯು ಏತಕ್ಕೆ? ಹದಗೊಂಡು ಬಂದಮೇಲೆ ಇದರ ಉರುಳೆಯು ಅದರ ಚೌಕಟ್ಟಿಗೆ ಸೇರಿಹೋಗದಿರಲೆಂದು. ಆ ಕಾಲದ ಕೋಲ್ಟ್ ರಿವಾಲ್ವರುಗಳ ನಳಿಗೆ, ಚೌಕಟ್ಟು, ಉರುಳೆಗಳ ಮೇಲೆ ಆ ಸಂಖ್ಯೆಗಳನ್ನು ಇಂದಿಗೂ ಕಾಣಬಹುದು. ಸಂಖ್ಯೆಯು ಮೊದಲು ಕೆಲಸಗಾರನ ಸಾಕ್ಷಿಯಾಗಿತ್ತು. ಕ್ರಮೇಣ ಲೋಕದ ಸಾಕ್ಷಿಯಾಯಿತು.

ಅರದ ಕೆಲಸವು ಏಕೆ ಬೇಕಾಯಿತೆಂಬುದನ್ನು ರಿವಾಲ್ವರಿನ ರಚನೆಯೇ ಹೇಳುತ್ತದೆ. ಒಂದೇ ನಳಿಗೆಯ ಹಿಂದೆ ಐದಾರು ಮನೆಗಳುಳ್ಳ ಉರುಳೆಯು ಸುತ್ತುತ್ತದೆ. ಕುದುರೆಯನ್ನು ಹಿಂದೆಳೆದಾಗ ಉರುಳೆಯು ಒಂದು ಮನೆಯಷ್ಟೇ ತಿರುಗಿ, ಸರಿಯಾಗಿ ನಳಿಗೆಯ ನೇರಕ್ಕೆ ನಿಂತು, ಅಲುಗಾಡದೆ ಬೀಗಗೊಳ್ಳಬೇಕು. ಕೂದಲೆಳೆಯಷ್ಟು ತಪ್ಪಿದರೂ ಗುಂಡು ನಳಿಗೆಯ ಅಂಚಿಗೆ ತಗುಲಿ ಸೀಸದ ಚೂರುಗಳು ಬದಿಗೆ ಸಿಡಿಯುತ್ತವೆ. ಇನ್ನೂ ಹೆಚ್ಚು ತಪ್ಪಿದರೆ ಆಯುಧವು ಹಿಡಿದವನಿಗೇ ಶತ್ರುವಾಗುತ್ತದೆ. ಕೈಗಡಿಯಾರವನ್ನು ತಪ್ಪು ಜೋಡಿಸಿದವನು ವೇಳೆಯನ್ನು ಕಳೆದುಕೊಳ್ಳುವನು; ಇಲ್ಲಿ ತಪ್ಪಿದವನು ಕಣ್ಣನ್ನೋ ಕೈಯನ್ನೋ ಕಳೆದುಕೊಳ್ಳುವನು; ಇಲ್ಲವೆ ಪಕ್ಕದಲ್ಲಿ ನಿಂತ ನಿರಪರಾಧಿಯು ಕಳೆದುಕೊಳ್ಳುವನು. ಈ ಭಯವನ್ನರಿತೇ ಬರ್ಮಿಂಗ್‌ಹ್ಯಾಮಿನವರು ೧೮೧೩ರ ಶಾಸನದಿಂದ ಪರೀಕ್ಷಾಗೃಹವನ್ನು ಪಡೆದರು. ಅಲ್ಲಿ ವಾಡಿಕೆಗಿಂತ ಹೆಚ್ಚು ಮದ್ದನ್ನು ತುಂಬಿ ಹಾರಿಸಿ, ತಾಳಿದ ನಳಿಗೆಗೆ ಮಾತ್ರ ಮುದ್ರೆಯನ್ನೊತ್ತುವರು. ಕಮ್ಮಾರನ ಮಾತನ್ನು ಕಮ್ಮಾರರೇ ನಂಬದೆ ಮುದ್ರೆಯನ್ನು ಬೇಡಿದರು. ಇದೇ ಕಸುಬಿನ ಗೌರವ.

ಹವ್ಯಾಸಿಗಳೆಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ಇಟಲಿಯ ಗಾರ್ದೋನೆ ಎಂಬ ಊರು ಶತಮಾನಗಳಿಂದ ಆಯುಧಗಳಿಗೆ ಹೆಸರಾದುದು. ಪರೀಕ್ಷಿಸಿ ಮುದ್ರೆಯೊತ್ತುವ ಅವರ ರಾಷ್ಟ್ರೀಯ ಸಂಸ್ಥೆಯೂ ಅಲ್ಲಿಯೇ ಇದೆ. ಅಲ್ಲಿಂದ ೧೮೫೧ರ ಕೋಲ್ಟ್ ಮಾದರಿಯ ಭಾಗಗಳನ್ನು ತರಿಸಿ, ತಿಂಗಳುಗಟ್ಟಲೆ ಅರವನ್ನು ಹಿಡಿದು, ಹಳೆಯ ಕಸುಬುಗಾರನ ಕಷ್ಟವನ್ನು ತನ್ನ ಬೆರಳುಗಳಿಂದ ಅರಿಯುವವನು ಇತಿಹಾಸದ ವಿದ್ಯಾರ್ಥಿಯೇ ಸರಿ. ಅವನಲ್ಲಿ ನಮಗೆ ಜಗಳವಿಲ್ಲ. ನಮ್ಮ ಜಗಳವು ಎರಡು ನಾಲಗೆಯುಳ್ಳವರೊಡನೆ.

ಆ ಎರಡು ನಾಲಗೆಗಳಾವುವು? ೧೯೬೮ರ ಅಮೆರಿಕಾ ಶಾಸನದಂತೆ ಆಯುಧವ್ಯಾಪಾರಿಯು ಲೈಸೆನ್ಸನ್ನು ಪಡೆಯಬೇಕು, ಆಯುಧಕ್ಕೆ ಸಂಖ್ಯೆಯಿರಬೇಕು. ಈ ಕಟ್ಟನ್ನು ತಪ್ಪಿಸಿಕೊಳ್ಳಲು ಕೆಲವರು ಅರೆಮುಗಿದ ಚೌಕಟ್ಟನ್ನೂ ಉಳಿದ ಭಾಗಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಸಂಖ್ಯೆಯಿಲ್ಲದೆ ಮಾರತೊಡಗಿದರು. ಇವುಗಳಲ್ಲಿ ಹೆಚ್ಚಿನವು ರಿವಾಲ್ವರುಗಳಲ್ಲ, ಬೇರೆ ಜಾತಿಯ ಪಿಸ್ತೂಲುಗಳು. ವಾದವು ಮಾತ್ರ ಒಂದೇ. ನ್ಯಾಯಸ್ಥಾನದಲ್ಲಿ ಅವರ ಪಕ್ಷದವರು “ಇದು ಆಯುಧವಲ್ಲ, ಬರಿಯ ತುಂಡುಗಳು” ಎಂದರು. ಮನೆಯ ಪಡಸಾಲೆಯಲ್ಲಿ ಕೊಂಡವನು “ಆಯುಧವನ್ನು ನಾನೇ ಮಾಡಿದೆ” ಎಂದನು. ಮಾರಿದವನು ಆಯುಧವನ್ನು ಮಾರಲಿಲ್ಲ. ಕೊಂಡವನು ಆಯುಧವನ್ನು ಕೊಳ್ಳಲಿಲ್ಲ. ಆದರೆ ಆಯುಧವು ಮೇಜಿನ ಮೇಲಿದೆ! ಕೀರ್ತಿಗೆ ಇಬ್ಬರು ಒಡೆಯರು, ಹೊಣೆಗೆ ಒಬ್ಬನೂ ಇಲ್ಲ.

ಇದರ ಫಲವನ್ನು ಅಂಕೆಗಳು ಹೇಳುತ್ತವೆ. ಮೂಲವನ್ನು ಹುಡುಕಿಕೊಡಬೇಕೆಂದು ಪೋಲೀಸರು ಕೇಂದ್ರಸರಕಾರಕ್ಕೆ ಒಪ್ಪಿಸಿದ ಸಂಖ್ಯೆಯಿಲ್ಲದ ಆಯುಧಗಳು ೧೯೧೭ರ ಮಾತಲ್ಲ, ನಮ್ಮ ಕಾಲದ ೨೦೧೭ರಲ್ಲಿ ಸುಮಾರು ೧,೬೦೦. ೨೦೨೧ರಲ್ಲಿ ೧೯,೦೦೦ಕ್ಕೂ ಮೇಲೆ. ೨೦೨೨ರಲ್ಲಿ ಸರಕಾರವು ಇಂತಹ ಪೆಟ್ಟಿಗೆಗಳನ್ನೂ ಶಾಸನದೊಳಕ್ಕೆ ತರುವ ನಿಯಮವನ್ನು ಮಾಡಿತು. ೨೦೨೫ರ ಮಾರ್ಚಿಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಏಳು ಮಂದಿ ನ್ಯಾಯಾಧೀಶರ ಬಹುಮತದಿಂದ, ಇಬ್ಬರ ಭಿನ್ನಾಭಿಪ್ರಾಯವಿರಲಾಗಿ, ಆ ನಿಯಮವು ಶಾಸನಕ್ಕೆ ವಿರೋಧವಲ್ಲವೆಂದು ತೀರ್ಪಿತ್ತಿತು. ಅಲ್ಪಶ್ರಮದಿಂದ ಆಯುಧವಾಗಬಲ್ಲ ಪೆಟ್ಟಿಗೆಯನ್ನು ಆಯುಧವೆಂದೇ ಎಣಿಸಬಹುದೆಂಬುದು ಅದರ ತಾತ್ಪರ್ಯ.

“ಸ್ವಾತಂತ್ರ್ಯವು ಹೋಯಿತು” ಎಂದು ಕೂಗುವವರಿಗೆ ನಮ್ಮ ಉತ್ತರವಿಷ್ಟೆ: ಸಂಖ್ಯೆಯನ್ನೊತ್ತುವುದರಿಂದ ಕೈಯ ಕುಶಲತೆಗೆ ಯಾವ ಕುಂದೂ ಬಾರದು. ನಮ್ಮ ಹಳ್ಳಿಯ ಕಮ್ಮಾರನು ನೇಗಿಲಿಗೆ ಕುಳವನ್ನು ಮಾಡಿಕೊಟ್ಟರೆ, ಅದು ಬಾಗಿದ ದಿನ ರೈತನು ಅವನ ಕುಲುಮೆಯ ಮುಂದೆಯೇ ಬಂದು ನಿಲ್ಲುವನು. ಅವನಿಗೆ ಮುದ್ರೆಯು ಬೇಡ. ಊರೆಲ್ಲ ಅವನ ಮುಖವನ್ನು ಬಲ್ಲುದು. ಮುಖವನ್ನರಿಯದ ಲೋಕದಲ್ಲಿ ಸಂಖ್ಯೆಯೇ ಕಮ್ಮಾರನ ಮುಖ. ಭಾರತದ ೧೯೫೯ರ ಆಯುಧಶಾಸನವು ಕೋವಿಯ ಭಾಗಗಳನ್ನೂ ಕೋವಿಯೆಂಬ ಮಾತಿನೊಳಗೆ ಸೇರಿಸಿ, ಲೈಸೆನ್ಸಿಲ್ಲದೆ ಮಾಡುವುದನ್ನು ಅಪರಾಧವೆಂದಿದೆ. ಕುತೂಹಲದಿಂದ ಇಂತಹ ವಿನೋದವನ್ನು ಬಯಸುವ ನಮ್ಮ ತರುಣರು ಇದನ್ನು ನೆನಪಿನಲ್ಲಿಡುವುದು ಲೇಸು.

ಜೋಡಿಸಿದವನು ಕಮ್ಮಾರನೆನಿಸಿಕೊಳ್ಳಲು ಬಯಸುವನೆ? ಸಂತೋಷ. ಆದರೆ ಕಮ್ಮಾರನ ಹೆಸರಿನೊಡನೆ ಕಮ್ಮಾರನ ಹೊಣೆಯನ್ನೂ ಹೊರಲಿ. ತನ್ನ ಕೆಲಸದ ಮೇಲೆ ತನ್ನ ಗುರುತನ್ನೊತ್ತಲಿ. ಅದಕ್ಕೆ ಅಂಜುವವನು ಮಾಡಿದವನಲ್ಲ, ಅಡಗಿಸಿಟ್ಟವನು.