ಬ್ರೌಸರನ್ನು ನಾವೇ ಆರಿಸಿಕೊಳ್ಳೋಣ

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಬೆಳೆಯುವವರು ಇವತ್ತು ಧಾರಣೆ ನೋಡುವುದು, ಪಹಣಿ ತೆಗೆಯುವುದು, ಸಾಲದ ಬಡ್ಡಿ ವಿಚಾರಿಸುವುದು ಫೋನಿನಲ್ಲೇ. ಮನೆಯವರ ಕಾಯಿಲೆಯ ಸುದ್ದಿ ಎಷ್ಟೋ ಸಲ ವೈದ್ಯರಿಗಿಂತ ಮೊದಲು ಬ್ರೌಸರಿಗೆ ತಿಳಿಯುತ್ತದೆ. ಇಷ್ಟೆಲ್ಲ ಬಲ್ಲ ಸಾಧನವನ್ನು ನಮ್ಮಲ್ಲಿ ಹೆಚ್ಚಿನವರು ಆರಿಸಿಕೊಂಡದ್ದೇ ಇಲ್ಲ, ಫೋನಿನ ಜೊತೆ ಬಂದದ್ದನ್ನೇ ಬಳಸುತ್ತಿದ್ದೇವೆ. ಆಂಡ್ರಾಯ್ಡ್‌ನಲ್ಲಿ ಅದು ಸಾಮಾನ್ಯವಾಗಿ ಕ್ರೋಮ್, ಅಂದರೆ ಆದಾಯದ ಬಹುಪಾಲನ್ನು ಜಾಹೀರಾತಿನಿಂದ ಪಡೆಯುವ ಗೂಗಲ್‌ನದು. ತಾಣದಿಂದ ತಾಣಕ್ಕೆ ನಮ್ಮ ಬೆನ್ನು ಹತ್ತುವ ಕುಕಿಗಳನ್ನು ತೆಗೆದುಹಾಕುವುದಾಗಿ 2020ರಲ್ಲಿ ಹೇಳಿದ್ದ ಆ ಕಂಪನಿ 2024ರಲ್ಲಿ ಮಾತು ಬದಲಿಸಿತು. ಫೈರ್‌ಫಾಕ್ಸ್ ಎಂಬ ಬ್ರೌಸರ್ ಅಂಥ ಕುಕಿಗಳನ್ನು ಆಯಾ ತಾಣದೊಳಗೇ ಕಟ್ಟಿಹಾಕುವ ವ್ಯವಸ್ಥೆಯನ್ನು 2022ರಲ್ಲೇ ಕಂಪ್ಯೂಟರ್ ಬಳಸುವ ಎಲ್ಲರಿಗೂ ಕೊಟ್ಟಿದೆ. ಮನೆಯ ಫೋನಿಗೂ ಮಕ್ಕಳ ಲ್ಯಾಪ್‌ಟಾಪಿಗೂ ಫೈರ್‌ಫಾಕ್ಸೇ ತಕ್ಕದ್ದು ಎಂಬುದು ನನ್ನ ವಾದ.

ಫೈರ್‌ಫಾಕ್ಸ್ ಮುಕ್ತ ತಂತ್ರಾಂಶ, ಅಂದರೆ ಅದರ ಸಂಕೇತವನ್ನು (ಕೋಡ್) ಯಾರು ಬೇಕಾದರೂ ನೋಡಬಹುದು. ಅಂಥದ್ದೇ ಏಕೆ ಬೇಕು ಎಂಬುದಕ್ಕೆ, ಸಂಕೇತವನ್ನು ಮುಚ್ಚಿಟ್ಟಿದ್ದ ಯುಸಿ ಬ್ರೌಸರ್‌ನ ಪ್ರಕರಣ ಸಾಕು. ಕಡಿಮೆ ಡೇಟಾ ಸಾಕೆಂಬ ಕಾರಣಕ್ಕೆ ಭಾರತದಲ್ಲಿ ಕೋಟ್ಯಂತರ ಜನ ಅದನ್ನು ಬಳಸಿದರು. ಟೊರಾಂಟೊದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ಕೇಂದ್ರ 2015ರಲ್ಲಿ ಪರೀಕ್ಷಿಸಿದಾಗ, ಹುಡುಕಿದ ಪದಗಳು, ಫೋನಿನ ಗುರುತು, ಬಳಸುವವರು ಇರುವ ಜಾಗ ಇವೆಲ್ಲ ಸರಿಯಾದ ರಕ್ಷಣೆಯಿಲ್ಲದೆ ಹೊರಹೋಗುತ್ತಿದ್ದುದು ಗೊತ್ತಾಯಿತು. 2020ರ ಜೂನ್ 29ರಂದು ಕೇಂದ್ರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಸಂಕೇತ ಬಹಿರಂಗವಾಗಿದ್ದ ಮಾತ್ರಕ್ಕೆ ತಂತ್ರಾಂಶ ಒಳ್ಳೆಯದಾಗುವುದಿಲ್ಲ, ನಿಜ. ಆದರೆ ಕಳ್ಳತನವನ್ನು ವರ್ಷಗಟ್ಟಲೆ ಬಚ್ಚಿಡುವುದು ಅಲ್ಲಿ ಬಹಳ ಕಷ್ಟ.

ನಮ್ಮಲ್ಲಿ ಮುಚ್ಚಿಡುವಂಥದ್ದೇನಿದೆ ಎನ್ನುವವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದರು. ಮಳೆ ಕೈಕೊಟ್ಟ ವರ್ಷ ಸಾಲ ಹುಡುಕುವವರ ಅವಸರ ಯಾರಿಗೆ ತಿಳಿಯಬೇಕೆಂದು ತೀರ್ಮಾನಿಸುವುದು ಅವರದೇ ಹಕ್ಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಒಂದಿದೆ: ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾಕ್ಕೆ ಬರುವ ಹಣದ ಬಹುಪಾಲು ಗೂಗಲ್‌ನದೇ. ಇದು ನನಗೂ ಒಪ್ಪಿಗೆಯಾಗದ ಸಂಗತಿ. ಆದರೂ ಬ್ರೇವ್‌ನಂಥ ಬದಲಿ ಬ್ರೌಸರುಗಳು ನಿಂತಿರುವುದು ಗೂಗಲ್ ಮುನ್ನಡೆಸುವ ಕ್ರೋಮಿಯಂ ಎಂಬ ತಂತ್ರಾಂಶದ ಮೇಲೆ. ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆ ಕ್ರೋಮ್‌ನಲ್ಲಿ ಈಗ ಮೊದಲಿನ ರೂಪದಲ್ಲಿ ನಡೆಯುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಆಂಡ್ರಾಯ್ಡ್ ಫೋನಿನಲ್ಲೂ ಪೂರ್ತಿಯಾಗಿ ನಡೆಯುತ್ತದೆ. ಸಿಗ್ನಲ್ ಕುಂಟುವ ಹಳ್ಳಿಯಲ್ಲಿ ಜಾಹೀರಾತು ಇಳಿಯದಿದ್ದರೆ ಪುಟ ಬೇಗ ತೆರೆಯುತ್ತದೆ, ಡೇಟಾವೂ ಉಳಿಯುತ್ತದೆ. ಐಫೋನಿನಲ್ಲಿ ಮಾತ್ರ ಈ ಅನುಕೂಲವಿಲ್ಲ. ಯಾವುದಾದರೂ ಸರ್ಕಾರಿ ತಾಣ ಹಟ ಹಿಡಿದರೆ ಅದೊಂದಕ್ಕೆ ಕ್ರೋಮ್ ಇರಲಿ.

ಫೋನು, ಲ್ಯಾಪ್‌ಟಾಪುಗಳ ನಡುವೆ ಪಾಸ್‌ವರ್ಡ್, ಬುಕ್‌ಮಾರ್ಕ್‌ಗಳನ್ನು ಫೈರ್‌ಫಾಕ್ಸ್ ಗೂಢಲಿಪಿಯಲ್ಲೇ ಸಾಗಿಸುತ್ತದೆ, ಮೊಜಿಲ್ಲಾಕ್ಕೂ ಅದನ್ನು ಓದಲಾಗದು. ಸೈಬರ್ ಸೆಂಟರಿನಲ್ಲಿ ಮಾತ್ರ ನಿಮ್ಮ ಖಾತೆ ತೆರೆಯಬೇಡಿ. ಫೈರ್‌ಫಾಕ್ಸ್ ಕನ್ನಡದಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳು, ಗ್ರಾಮ ಒನ್ ಕೇಂದ್ರಗಳು ತಮ್ಮ ಕಂಪ್ಯೂಟರುಗಳಲ್ಲಿ ಅದನ್ನು ಹಾಕಿ, ಬಂದವರಿಗೂ ತೋರಿಸಿಕೊಡಲಿ.