ಸ್ಪ್ರಿಂಗಿಗೆ ವೈರು ಕಟ್ಟಿ ಬಿಚ್ಚಬೇಡಿ

ಮಾರುತಿ ಓಮ್ನಿ ತಯಾರಿಕೆ 2019ರಲ್ಲೇ ನಿಂತರೂ ನಮ್ಮ ಬಯಲುಸೀಮೆಯ ಊರುಗಳಲ್ಲಿ ಅದಿನ್ನೂ ಓಡುತ್ತಿದೆ. ಟೊಮೆಟೊ, ಮೇವು, ಮದುವೆ ದಿಬ್ಬಣ ಎಲ್ಲಕ್ಕೂ ಅದೇ. ಹೊಲದ ದಾರಿಯ ಗುಂಡಿಗೆ ಬಿದ್ದೂ ಬಿದ್ದೂ ಮುಂದಿನ ಶಾಕಪ್ ಹೋಗ್ತದೆ, ಸ್ಪ್ರಿಂಗ್ ಮುರೀತದೆ. ಪಂಪು, ಕೂರಿಗೆ ಎಲ್ಲ ನಾವೇ ಬಿಚ್ಚಿ ಜೋಡಿಸುವವರು, ಇದೇನು ಮಹಾ ಅಂತ ಕೈಹಾಕುತ್ತೇವೆ. ಕೈಹಾಕುವುದು ತಪ್ಪಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿರಬೇಕು.

ಮುಂದಿನ ಶಾಕಪ್ ಸುತ್ತ ಸುರುಳಿ ಸ್ಪ್ರಿಂಗ್ ಕೂತಿರ್ತದೆ. ಜಾಕಿ ಏರಿಸಿ ಚಕ್ರ ತೆಗೆದರೆ ಅದು ಸಡಿಲವಾಯ್ತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಚಕ್ರ ನೆಲ ಬಿಟ್ಟಾಗಲೂ ಸ್ಪ್ರಿಂಗ್ ಅದುಮಿಕೊಂಡೇ ಇರ್ತದೆ. ಅದನ್ನು ಹಿಡಿದಿಟ್ಟಿರೋದು ಮೇಲ್ಗಡೆ ನಡುವಿನ ಒಂದೇ ನಟ್ಟು. ಅದನ್ನು ಬಿಚ್ಚಿದರೆ ಬಗ್ಗಿಸಿ ಹಿಡಿದ ಬಿದಿರ ಗಳ ಕೈಜಾರಿದ ಹಾಗೆ. ಬಿದಿರಾದರೆ ಬಾಸುಂಡೆ ಬಂದೀತು. ಇದು ದವಡೆ ಮುರೀತದೆ, ಕಣ್ಣು ತೆಗೀತದೆ.

ನನ್ನ ಅಭಿಪ್ರಾಯದಲ್ಲಿ ಅರ್ಧ ಕೆಲಸ ನಮ್ಮದು, ಅರ್ಧ ಗ್ಯಾರೇಜಿನದು. ಗಟ್ಟಿ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕಿ ನಂಬದೆ ಸ್ಟ್ಯಾಂಡ್ ಇಡಿ. ಬ್ರೇಕ್ ಪೈಪನ್ನು ಶಾಕಪ್‌ನಿಂದ ಬಿಡಿಸಿ. ಆಮೇಲೆ ಕೆಳಗಿನ ಬೋಲ್ಟು, ಮೇಲೆ ಬಾಡಿಗೆ ಹಿಡಿದ ಸುತ್ತಲಿನ ನಟ್ಟು ಬಿಚ್ಚಿ, ಸ್ಪ್ರಿಂಗ್ ಸಮೇತ ಶಾಕಪ್ ಹೊರಗೆ ತೆಗೆಯಿರಿ. ನಡುವಿನ ನಟ್ಟು ಮುಟ್ಟಬೇಡಿ. ಇಡೀ ಶಾಕಪ್ ಚೀಲಕ್ಕೆ ಹಾಕಿ ಪೇಟೆಗೆ ಒಯ್ಯಿರಿ. ಕೂಲಿಯೂ ಉಳೀತದೆ, ಜೀವವೂ ಉಳೀತದೆ.

ಗ್ಯಾರೇಜಿನಲ್ಲೂ ಕಣ್ಣಿಟ್ಟಿರಿ. ಸ್ಪ್ರಿಂಗಿನ ಎದುರುಬದುರಿಗೆ ಎರಡು ಕ್ಲಾಂಪ್ ಹಾಕಬೇಕು. ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ, ಹೀಗೆ ಸಮವಾಗಿ ಬಿಗಿಯಬೇಕು. ಸ್ಪ್ರಿಂಗ್ ತನ್ನ ಬಟ್ಟಲಲ್ಲಿ ಅಲ್ಲಾಡುವಂತಾದ ಮೇಲೇ ನಟ್ಟಿಗೆ ಸ್ಪಾನರ್. ಯಾರ ಮುಖವೂ ಅದರ ನೇರಕ್ಕೆ ಇರಬಾರದು. ಬೈಂಡಿಂಗ್ ವೈರು ಕಟ್ಟುತ್ತೇನೆ ಅಂದರೆ ಚೀಲ ಎತ್ತಿಕೊಂಡು ಬನ್ನಿ.

‘ವೈರು ಕಟ್ಟೇ ಎಷ್ಟೋ ಸಲ ಬಿಚ್ಚಿದೀವಿ, ಏನೂ ಆಗಿಲ್ಲ’ ಅನ್ನೋರಿದ್ದಾರೆ. ಹಾವಿನ ಹುತ್ತಕ್ಕೆ ಕೈಹಾಕಿ ಬದುಕಿದವರೂ ಇದ್ದಾರೆ. ಹಾಗಂತ ಮಕ್ಕಳಿಗೆ ಕಲಿಸೋದುಂಟೇ? ಊರಲ್ಲಿ ನಾಲ್ಕೈದು ಗಾಡಿ ಇದ್ದರೆ ಎಲ್ಲರೂ ಸೇರಿ ಒಂದು ಜೊತೆ ಒಳ್ಳೆಯ ಕ್ಲಾಂಪ್ ತಂದಿಡಿ, ತಿಳಿದವರಿಂದ ಹಾಕೋದು ಕಲಿಯಿರಿ. ಔಷಧಿ ಹೊಡೆಯುವ ಪಂಪು ಹಂಚಿಕೊಳ್ಳೋದಿಲ್ಲವೇ?

ಖುಷ್ಕಿ ಬೇಸಾಯದವರಿಗೆ ಒಂದು ಬೆಳೆ ಹೋದರೆ ಮುಂದಿನ ಮಳೆಗೆ ಕಾಯಬಹುದು. ಕಣ್ಣು ಹೋದರೆ ಯಾವ ಮಳೆಗೆ ಕಾಯೋದು?