ತೂಕ ಇಳಿಸುವ ಇಂಜೆಕ್ಷನ್ ಯಾರಿಗೆ?

ನಿಕಾಹ್ ಹತ್ತಿರವಾದಂತೆ ಮಗಳನ್ನು ತೆಳ್ಳಗಾಗಿಸಲು ಮೌಂಜಾರೊ ಇಂಜೆಕ್ಷನ್ ವಿಚಾರಿಸುವ ತಾಯಂದಿರಿದ್ದಾರೆ. 2025ರಲ್ಲಿ ಭಾರತಕ್ಕೆ ಬಂದ ಇದು ಸೌಂದರ್ಯ ಸಾಧನವಲ್ಲ, ವೈದ್ಯರ ಚೀಟಿ ಬೇಕಾದ ಔಷಧ. ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿರಬೇಕು. 27ರಿಂದ 30ರೊಳಗಿದ್ದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ತೊಂದರೆಯೂ ಇರಬೇಕು. ಐದಡಿ ಎರಡಿಂಚು ಎತ್ತರದವರಿಗೆ 30 ಎಂದರೆ ಸುಮಾರು 74 ಕೆಜಿ. ಅದೇ ಎತ್ತರದ, 65 ಕೆಜಿಯ ಹುಡುಗಿಗೆ ಇದು ಸಲ್ಲದು. ಗರ್ಭಿಣಿಯರು ಬಳಸಬಾರದು ಎಂಬುದನ್ನೂ ಮದುವೆಯ ಹೊಸ್ತಿಲಲ್ಲಿ ಮರೆಯಬಾರದು. ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ಮರಳುತ್ತದೆ.

ಅದೇ ಮನೆಯಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವು ಹೊತ್ತು ಅಡುಗೆಮನೆಯಲ್ಲಿ ನಿಂತಿರುವ ತಾಯಿಯ ತೂಕವನ್ನು ಯಾರೂ ಕೇಳುವುದಿಲ್ಲ. ನಿಜವಾದ ಅರ್ಹತೆ ಅವರಿಗಿರಬಹುದು. ನೋಡುವವರ ಕಣ್ಣಿಗಾಗಿ ಮಗಳಿಗೆ ಸೂಜಿ ಚುಚ್ಚಿಸುವ ಬದಲು ತಾಯಿಯನ್ನು ವೈದ್ಯರ ಬಳಿ ಕರೆದೊಯ್ಯಿರಿ.